ಗೋಡೆ ಕುಡಿದ ನೀರು, ಬಟ್ಟೆ ಕುಡಿದ ನೀರು: ಒಂದು ಕಪಾಟಿನ ಪ್ರಕರಣ ಅಧ್ಯಯನ

ಕಳೆದ ವರ್ಷ ಜೂನ್ ಎರಡನೆಯ ವಾರ. ಮೂರು ದಿನದಿಂದ ಬಿಡದ ಮಳೆ. ನಾದಿನಿ ಬೆಂಗಳೂರಿನಿಂದ ಫೋನ್ ಮಾಡಿ, ಬಾಣಂತನಕ್ಕೆ ಜುಲೈ ಕೊನೆಗೆ ಬರುತ್ತೇನೆ ಅಂದಳು. ಅತ್ತೆಗೆ ಸಂತೋಷವೋ ಸಂತೋಷ. ಫೋನ್ ಇಟ್ಟವರೇ ಪಡುವಣ ಕೋಣೆಗೆ ಹೋಗಿ ಗೋಡೆ ಕಪಾಟಿನ ಬಾಗಿಲು ತೆಗೆದರು. ಮಗುವಿಗೆ ಹಾಸಲು ಮೆತ್ತಗಿನ ಹಳೆ ಬಟ್ಟೆ ಯಾವುದುಂಟು ಅಂತ ನೋಡಬೇಕಿತ್ತು. ಬಾಗಿಲು ತೆಗೆದದ್ದೇ ತಡ, ಮುಗ್ಗಲು ವಾಸನೆ ಕೋಣೆಯಿಡೀ ಹರಡಿತು. ಕೆಳಗಿನ ಹಲಗೆಯಿಂದ ಒಂದು ದಿಂಬಿನ ಕವರು ಎಳೆದರು. ಬಿಳಿ ಬಟ್ಟೆಯ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕರಿ ಚುಕ್ಕೆ.

"ನೀನು ಏಪ್ರಿಲ್‌ನಲ್ಲಿ ಎಲ್ಲ ಸರಿ ಮಾಡಿದ್ದಲ್ವಾ?" ಅಂದರು. ಆಕ್ಷೇಪ ಅಲ್ಲ, ನಿಜಕ್ಕೂ ಅರ್ಥವಾಗದೆ ಕೇಳಿದ್ದು.

ಹೌದು, ಸರಿ ಮಾಡಿದ್ದೆ. ಮಕ್ಕಳ ರಜೆಯಲ್ಲಿ ಎರಡು ದಿನ ಕೂತು ಎಲ್ಲ ಬಟ್ಟೆ ಒಂದೇ ಅಳತೆಗೆ ಮಡಚಿದ್ದೆ. ಬೈರಾಸುಗಳನ್ನು, ಅಂದರೆ ಮೈ ಒರೆಸುವ ಟವಲುಗಳನ್ನು, ಸುರುಳಿ ಸುತ್ತಿ ಬುಟ್ಟಿಗೆ ತುಂಬಿದ್ದೆ. ಚೀಟಿ ಅಂಟಿಸಿದ್ದೆ. ನೋಡಲು ಬಹಳ ಚೆಂದ ಇತ್ತು. ಎರಡೇ ತಿಂಗಳಿಗೆ ಬೂಷ್ಟು ಹಿಡಿಯಿತು. ಆ ದಿನದಿಂದ ಈ ಮೇ ತಿಂಗಳವರೆಗೆ ಆ ಕಪಾಟಿನ ಜೊತೆ ಏನೇನು ಮಾಡಿದೆವು, ಯಾವುದು ಸರಿಯಾಯಿತು, ಯಾವುದು ಆಗಲಿಲ್ಲ ಅಂತ ಇಲ್ಲಿ ಬರೆಯುತ್ತಿದ್ದೇನೆ. ಕಾಸರಗೋಡಿನ ಕಡೆ ಕೆಂಪುಕಲ್ಲಿನ ಮನೆಯಲ್ಲಿ ಇರುವವರಿಗೆ ಇದು ಉಪಯೋಗಕ್ಕೆ ಬಂದೀತು.

ಮನೆ ಮತ್ತು ಕಪಾಟು

ನಮ್ಮದು ಬದಿಯಡ್ಕದಿಂದ ಸ್ವಲ್ಪ ಒಳಗೆ, ಗುಡ್ಡದ ಬುಡದಲ್ಲಿರುವ ಮನೆ. ಮಾವನ ಅಪ್ಪ ಕಟ್ಟಿಸಿದ್ದು. ಗೋಡೆ ಕೆಂಪುಕಲ್ಲು, ಮೇಲೆ ಹಂಚು. ಸುತ್ತ ಅಡಿಕೆ ತೋಟ. ಈಗ ಮನೆಯಲ್ಲಿ ಖಾಯಂ ಇರುವವರು ಐದು ಜನ: ಮಾವ, ಅತ್ತೆ, ನಾವಿಬ್ಬರು, ಒಬ್ಬಳು ಮಗಳು. ಆದರೆ ಬಟ್ಟೆ ಕಪಾಟಿನ ಲೆಕ್ಕ ಐದು ಜನರದ್ದಲ್ಲ. ವರ್ಷಕ್ಕೊಂದು ಪೂಜೆ, ಒಂದೆರಡು ತಿಥಿ, ಷಷ್ಠಿಗೆ ಬರುವ ನೆಂಟರು, ಬೇಸಿಗೆ ರಜೆಯ ಮಕ್ಕಳ ಸೈನ್ಯ. ಹನ್ನೆರಡು ಜನ ರಾತ್ರಿ ಉಳಿಯುವುದು ನಮ್ಮಲ್ಲಿ ದೊಡ್ಡ ಸಂಗತಿ ಅಲ್ಲ.

ಕಪಾಟು ಇರುವುದು ಪಡುವಣ ಕೋಣೆಯಲ್ಲಿ. ಗೋಡೆಯಲ್ಲೇ ಗೂಡು ಬಿಟ್ಟು, ಹಲಸಿನ ಹಲಗೆ ಜೋಡಿಸಿ, ಬಾಗಿಲು ಇಟ್ಟದ್ದು. ಆರೂವರೆ ಅಡಿ ಎತ್ತರ, ನಾಲ್ಕಡಿ ಅಗಲ, ಐದು ಹಲಗೆ. ಹಿಂಬದಿಗೆ ಬೇರೆ ಮರ ಇಲ್ಲ. ಹಲಗೆಯ ಆಚೆ ನೇರ ಗೋಡೆ, ಗೋಡೆಯ ಆಚೆ ನೇರ ಮಳೆ.

ಈ ಸಲ ಮಡಚುವ ಮೊದಲು ಎಣಿಸಿದೆ. ಎಲ್ಲವನ್ನೂ ಚಾವಡಿಗೆ ತಂದು ಚಾಪೆಯ ಮೇಲೆ ಹರಡಿ, ಮಗಳ ಹಳೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಹಾಸುವ ಬೆಡ್‌ಶೀಟು 61. ದಿಂಬಿನ ಕವರು 34, ಇರುವ ದಿಂಬು 11. ಬೈರಾಸು 43. ಕಂಬಳಿ, ರಗ್ಗು ಸೇರಿ 9. ಜಮಖಾನ 5, ಸೊಳ್ಳೆಪರದೆ 6, ಕಿಟಕಿ ಪರದೆ 14, ಮೇಜಿನ ಬಟ್ಟೆ ಅದು ಇದು ಅಂತ 18, ಮಡಿಯ ಬಟ್ಟೆ 12, ಹಳೆ ಸೀರೆ 12. ಒಟ್ಟು 214.

61 ಬೆಡ್‌ಶೀಟಿನಲ್ಲಿ ಹದಿನೇಳು ಪ್ಲಾಸ್ಟಿಕ್ ಕವರಿನಿಂದ ಹೊರಗೇ ಬಂದಿರಲಿಲ್ಲ. ಮದುವೆ, ಗೃಹಪ್ರವೇಶ, ಉಪನಯನದ ಉಡುಗೊರೆಗಳು. ಒಂದರ ಒಳಗೆ ಕೊಟ್ಟವರ ಹೆಸರಿನ ಚೀಟಿ ಇತ್ತು, ಅವರು ತೀರಿಕೊಂಡು ಆರು ವರ್ಷ ಆಯಿತು. ಅತ್ತೆ ಆ ಚೀಟಿಯನ್ನು ತುಂಬ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದರು.

ಇಷ್ಟು ಯಾಕೆ ಕೂಡಿತು ಅಂತ ಅತ್ತೆಯನ್ನು ಕೇಳಿದೆ. ಅವರು ಮದುವೆಯಾಗಿ ಬಂದ ಹೊಸತರಲ್ಲಿ, ಅವರ ಅತ್ತೆಯ ಬೊಜ್ಜಕ್ಕೆ (ಉತ್ತರಕ್ರಿಯೆಗೆ) ಬಂದ ನೆಂಟರಿಗೆ ಹಾಸಲು ಸಾಕಷ್ಟು ಬಟ್ಟೆ ಇರಲಿಲ್ಲವಂತೆ. ಪಕ್ಕದ ಮೂರು ಮನೆಯಿಂದ ಕೇಳಿ ತಂದದ್ದು. "ಆ ದಿನದ ನಾಚಿಕೆ ಈಗಲೂ ನೆನಪುಂಟು," ಅಂದರು. ಅದನ್ನು ಕೇಳಿದ ಮೇಲೆ "ಬೇಡದ್ದನ್ನು ಬಿಸಾಡಿ" ಅನ್ನುವ ಮಾತು ನನ್ನ ಬಾಯಿಗೆ ಬರಲಿಲ್ಲ. ಕಪಾಟು ಸರಿ ಮಾಡುವ ವಿಡಿಯೋಗಳಲ್ಲಿ ಎಲ್ಲರೂ ಮೊದಲು ಹೇಳುವುದು ಅದನ್ನೇ. ಆದರೆ ಬಟ್ಟೆ ಕೂಡಿಡುವವರ ಹಿಂದೆ ಒಂದು ಕಾರಣ ಇರುತ್ತದೆ. ಅದನ್ನು ಕೇಳದೆ ಬಿಸಾಡಿಸಿದರೆ ಮುಂದಿನ ವರ್ಷಕ್ಕೆ ಮತ್ತೆ ಅಷ್ಟೇ ಕೂಡುತ್ತದೆ.

ಒದ್ದೆ ಎಲ್ಲಿಂದ?

ಮನೆಯಲ್ಲಿ ಆಳಿಗೊಂದು ಅಭಿಪ್ರಾಯ. ಮಾವ, "ಮಳೆಗಾಲ ಅಂದ ಮೇಲೆ ಪಸೆ ಇದ್ದದ್ದೇ" ಅಂದರು. ನಮ್ಮವರು ಬಟ್ಟೆ ಸರಿಯಾಗಿ ಒಣಗದೆ ಒಳಗೆ ಹೋಗಿದೆ ಅಂದರು. ಎರಡರಲ್ಲೂ ಸತ್ಯ ಉಂಟು. ಕಾಸರಗೋಡಿಗೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ, ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆದರೆ ಅದೇ ಮಳೆಯಲ್ಲಿ ನಡುಮನೆಯ ಸ್ಟೀಲ್ ಕಪಾಟಿನ ಸೀರೆಗೆ ಬೂಷ್ಟು ಬಂದಿರಲಿಲ್ಲ. ಹಾಗಾದರೆ ಇಲ್ಲಿ ಮಾತ್ರ ಯಾಕೆ?

ಗಾಳಿಯ ತೇವ ತೋರಿಸುವ ಸಣ್ಣ ಮೀಟರು ಒಂದನ್ನು 350 ರೂಪಾಯಿಗೆ ತರಿಸಿದೆ. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು. ಕೋಣೆಯ ನಡುವೆ ಇಟ್ಟಾಗ ಶೇ. 84 ತೋರಿಸಿತು. ಕಪಾಟಿನ ಮೇಲಿನ ಹಲಗೆಯಲ್ಲಿ 86. ಕೆಳಗಿನ ಹಲಗೆಯ ಹಿಂಬದಿಗೆ, ಗೋಡೆಗೆ ತಾಗಿಸಿ ಇಟ್ಟು ಮರುದಿನ ನೋಡಿದರೆ 93. ಬಟ್ಟೆಯ ಮೇಲೆ ಬೂಷ್ಟು ಬೆಳೆಯಲು ಶೇ. 65 ದಾಟಿದರೆ ದಾರಿ ತೆರೆಯುತ್ತದೆ, 90ರ ಹತ್ತಿರ ಹೋದರೆ ಕೆಲವೇ ದಿನ ಸಾಕು.

ಇನ್ನೊಂದು ಪರೀಕ್ಷೆ ಸುಲಭದ್ದು, ದುಡ್ಡೂ ಬೇಡ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಕಪಾಟಿನ ಒಳಗಿನ ಗೋಡೆಗೆ ನಾಲ್ಕೂ ಬದಿ ಟೇಪ್ ಹಾಕಿ ಅಂಟಿಸಿದೆ. ಎರಡು ದಿನ ಬಿಟ್ಟು ನೋಡಬೇಕು. ಹನಿ ಹಾಳೆಯ ಹೊರಮೈಯಲ್ಲಿ ಇದ್ದರೆ ಒದ್ದೆ ಕೋಣೆಯ ಗಾಳಿಯದ್ದು. ಹಾಳೆ ಮತ್ತು ಗೋಡೆಯ ನಡುವೆ ಇದ್ದರೆ ಗೋಡೆಯಿಂದ ಬಂದದ್ದು. ನಮ್ಮಲ್ಲಿ ಗೋಡೆಯ ಬದಿಗೆ ಹನಿ ಸಾಲುಗಟ್ಟಿತ್ತು. ಹೊರಮೈ ಒಣಗಿಯೇ ಇತ್ತು.

ಅದನ್ನು ನೋಡಿದಾಗ ನನಗೆ ಮನೆ ಹಿಂದಿನ ಸುರಂಗ ನೆನಪಾಯಿತು. ನಮ್ಮ ಕಡೆ ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಸುರಂಗ ಕೊರೆದು ನೀರು ತರುತ್ತೇವಲ್ಲ. ಮೋಟಾರು ಬೇಡ, ಹಗ್ಗ ಬೇಡ. ಕಲ್ಲಿನಿಂದ ಜಿನುಗಿದ ನೀರು ತಾನಾಗಿ ಹರಿದು ಬರುತ್ತದೆ. ನಮ್ಮ ಮನೆಯವರು ತಲೆಮಾರುಗಳಿಂದ ಕುಡಿಯುತ್ತಿರುವುದು ಆ ನೀರನ್ನೇ. ಅದೇ ಕಲ್ಲನ್ನು ಕಡಿದು ಗೋಡೆ ಕಟ್ಟಿದ್ದೇವೆ. ಗುಡ್ಡದಲ್ಲಿ ನೀರು ಬಿಡುವ ಕಲ್ಲು ಗೋಡೆಯಲ್ಲಿ ಮಾತ್ರ ನೀರು ಬಿಡದೆ ಇರುತ್ತದಾ? ಮೈತುಂಬ ತೂತಿರುವ ಕಲ್ಲು ಅದು. ಪಡುವಣದಿಂದ ಅಡ್ಡ ಬಡಿಯುವ ಮಳೆಯನ್ನು ನಾಲ್ಕು ತಿಂಗಳು ಕುಡಿಯುತ್ತದೆ, ಒಳಗೆ ಬಟ್ಟೆಗೆ ಕೊಡುತ್ತದೆ.

ಹಾಗಾದರೆ ಮೊದಲು ಯಾಕೆ ಹೀಗಿರಲಿಲ್ಲ ಅಂತ ಕೇಳಿದ್ದಕ್ಕೆ ಮಾವ ಸ್ವಲ್ಪ ಯೋಚಿಸಿ ಹೇಳಿದರು: "ಮೊದಲು ತಟ್ಟಿ ಕಟ್ಟುತ್ತಿದ್ದೆವು." ಮಳೆಗಾಲಕ್ಕೆ ಮುಂಚೆ ತೆಂಗಿನ ಮಡಲು ಹೆಣೆದು ಪಡುವಣ ಬದಿಗೆ ಇಡೀ ತಟ್ಟಿ ಕಟ್ಟುವ ಕ್ರಮ ಇತ್ತು. ಎರಚಲು ಗೋಡೆಗೆ ತಾಗುತ್ತಿರಲಿಲ್ಲ. ಗೋಡೆಗೆ ಹೊರಗಿನಿಂದ ಸಿಮೆಂಟ್ ಗಾರೆ ಮಾಡಿಸಿದ ಮೇಲೆ, ಇನ್ನು ಎಂತಕ್ಕೆ ತಟ್ಟಿ ಅಂತ ಬಿಟ್ಟರು. ಗಾರೆ ಬಿರುಕು ಬಿಟ್ಟಿತು. ಬಿರುಕಿನಲ್ಲಿ ನೀರು ಒಳಗೆ ಹೋಗುತ್ತದೆ, ಮೇಲೆ ಸಿಮೆಂಟ್ ಇರುವುದರಿಂದ ಬೇಗ ಆರುವುದಿಲ್ಲ.

ಇನ್ನೂ ಒಂದು ಬದಲಾವಣೆ ಆಗಿತ್ತು. ಅತ್ತೆಯ ಅತ್ತೆ ಹಾಸಿಗೆ ಬಟ್ಟೆ ಇಡುತ್ತಿದ್ದದ್ದು ಈ ಕಪಾಟಿನಲ್ಲಿ ಅಲ್ಲವೇ ಅಲ್ಲ. ಅಡಿಗೆ ಕೋಣೆಯ ಅಟ್ಟದಲ್ಲಿ, ಕಾಲಿರುವ ಮರದ ಪೆಟ್ಟಿಗೆಯಲ್ಲಿ. ಕೆಳಗೆ ದಿನವಿಡೀ ಸೌದೆ ಒಲೆ. ಕರಿಮೆಣಸು, ಬೆಲ್ಲ, ಚಾಪೆ, ಬಟ್ಟೆ, ಒಣಗಿರಬೇಕಾದದ್ದೆಲ್ಲ ಅಲ್ಲೇ. ಗ್ಯಾಸ್ ಬಂದ ಮೇಲೆ ಅಟ್ಟ ತಣ್ಣಗಾಯಿತು, ಹತ್ತಿ ಇಳಿಯುವುದೂ ಕಷ್ಟವಾಯಿತು, ಬಟ್ಟೆ ಪಡುವಣ ಕೋಣೆಗೆ ಬಂತು. ಆಗ ಅದು ಅನುಕೂಲ ಅನ್ನಿಸಿದ್ದು ಸಹಜವೇ.

58 ಗ್ರಾಂ

ನಮ್ಮವರಿಗೆ ಇನ್ನೂ ಅನುಮಾನ. ಗೋಡೆಯ ಪಸೆ ಅಷ್ಟು ಬೇಗ ಬಟ್ಟೆಗೆ ಏರುತ್ತದಾ ಅಂತ. ಅಡಿಗೆ ಮನೆಯ ತೂಕದ ಯಂತ್ರ ತಂದೆ. 108 ಇಂಚು ಚೌಕದ ದೊಡ್ಡ ಹತ್ತಿ ಬೆಡ್‌ಶೀಟು ಒಂದನ್ನು ಇಸ್ತ್ರಿ ಹಾಕಿ ಹಾಕಿ ಹಪ್ಪಳದ ಹಾಗೆ ಒಣಗಿಸಿ ತೂಗಿದೆ. 742 ಗ್ರಾಂ. ಮಡಚಿ ಕಪಾಟಿನ ಕೆಳಗಿನ ಹಲಗೆಯಲ್ಲಿ ಇಟ್ಟೆ. ಮೂರು ದಿನ ಬಾಗಿಲು ತೆಗೆಯಲಿಲ್ಲ. ನಾಲ್ಕನೆಯ ದಿನ ಅದೇ ಯಂತ್ರದಲ್ಲಿ ತೂಗಿದರೆ ಸರಿಯಾಗಿ 800. ಐವತ್ತೆಂಟು ಗ್ರಾಂ ನೀರು. ಲೋಟಕ್ಕೆ ಹೊಯ್ದು ತೋರಿಸಿದೆ, ಸಣ್ಣ ಲೋಟದಲ್ಲಿ ಅರ್ಧ ಬಂತು. ಯಾರೂ ಅದಕ್ಕೆ ನೀರು ಚಿಮುಕಿಸಿರಲಿಲ್ಲ. ಮುಟ್ಟಿದರೆ ಒದ್ದೆ ಅಂತಲೂ ಅನ್ನಿಸುತ್ತಿರಲಿಲ್ಲ, ಸ್ವಲ್ಪ ತಂಪು ಅಷ್ಟೆ.

ಹತ್ತಿಯ ಗುಣವೇ ಅದು. ಶೇ. 65 ತೇವದ ಗಾಳಿಯಲ್ಲಿ, ನಮಗೆ ಪೂರ್ತಿ ಒಣಗಿದೆ ಅನ್ನಿಸುವ ಹತ್ತಿಯಲ್ಲೂ ಅದರ ತೂಕದ ನೂರಕ್ಕೆ ಏಳೆಂಟು ಪಾಲು ನೀರು ಇರುತ್ತದೆ. ಗಾಳಿಯ ತೇವ ಏರಿದ ಹಾಗೆ ಅದೂ ಏರುತ್ತದೆ. ಅರುವತ್ತೊಂದು ಬೆಡ್‌ಶೀಟಿಗೆ ಇದೇ ಲೆಕ್ಕ ಹಿಡಿದರೆ, ಸಣ್ಣವನ್ನು ಕಮ್ಮಿ ಹಿಡಿದರೂ, ಎರಡು ಮೂರು ಲೀಟರ್ ನೀರನ್ನು ಮಡಚಿ ಜೋಡಿಸಿ ಬಾಗಿಲು ಹಾಕಿಟ್ಟ ಹಾಗಾಯಿತು. ನನ್ನ ಏಪ್ರಿಲ್ ತಿಂಗಳ ಅಚ್ಚುಕಟ್ಟು ಇದನ್ನು ಇನ್ನೂ ಕೆಡಿಸಿತ್ತು. ಬಟ್ಟೆಗಳನ್ನು ಒತ್ತೊತ್ತಾಗಿ, ಗಾಳಿಗೆ ಸಂದು ಇಲ್ಲದೆ ಇಟ್ಟಿದ್ದೆನಲ್ಲ.

ತೂಕ ನೋಡಿದ ಮೇಲೆ ಮನೆಯಲ್ಲಿ ಚರ್ಚೆ ನಿಂತಿತು.

ಹಳದಿ ಪಟ್ಟೆ, ಗಂಜಿ, ನುಸಿಗುಳಿಗೆ

ಬಿಳಿ ಬೆಡ್‌ಶೀಟುಗಳಲ್ಲಿ ಉದ್ದಕ್ಕೆ ಹಳದಿ ಪಟ್ಟೆ ಇತ್ತು. ಹಳತಾದರೆ ಹಾಗೆ ಅಂತ ಎಲ್ಲರೂ ಅಂದುಕೊಂಡಿದ್ದೆವು. ಆದರೆ ಪಟ್ಟೆ ಇದ್ದದ್ದು ಪ್ರತಿ ಅಟ್ಟಿಯ ತೀರ ಕೆಳಗಿನ ಬಟ್ಟೆಗೆ ಮಾತ್ರ, ಹಲಗೆಗೆ ತಾಗುವ ಮಡಿಕೆಗೆ ಮಾತ್ರ. ಒಂದು ಬಿಳಿ ಕೈವಸ್ತ್ರವನ್ನು ಒದ್ದೆ ಮಾಡಿ ಹಲಗೆಯ ಮೇಲೆ ರಾತ್ರಿಯಿಡೀ ಹಾಸಿಟ್ಟೆ. ಬೆಳಿಗ್ಗೆ ಅದು ಅರಿಸಿನ ನೀರಿನಲ್ಲಿ ಅದ್ದಿದ ಹಾಗೆ ಇತ್ತು. ಹಲಸಿನ ಮರದ ತಿರುಳಿನಲ್ಲಿ ಹಳದಿ ಬಣ್ಣ ಉಂಟು. ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಹಾಕುತ್ತಿದ್ದದ್ದೇ ಅದರಿಂದ. ಒಣಗಿದ ಹಲಗೆಯಿಂದ ಅದು ಬಿಡುವುದಿಲ್ಲ. ಪಸೆ ಹಿಡಿದ ಹಲಗೆಯಿಂದ ಸುಮ್ನೆ ಬಿಡುತ್ತದೆ. ಹಲಸಿನ ಹಲಗೆ ಒಳ್ಳೆಯ ಹಲಗೆಯೇ. ಅದರ ಮತ್ತು ಬಿಳಿ ಬಟ್ಟೆಯ ನಡುವೆ ಏನಾದರೂ ಹಾಸಬೇಕು.

ಗಂಜಿಯ ವಿಷಯ ಅತ್ತೆಗೆ ಸ್ವಲ್ಪ ಬೇಸರ ತಂದಿತು. ನೆಂಟರಿಗೆ ಅಂತ ಇಡುವ ಬಿಳಿ ಬೆಡ್‌ಶೀಟಿಗೆ ಅವರು ಕುಚ್ಚಲಕ್ಕಿ ಗಂಜಿ ಹಾಕಿ, ಒಣಗಿಸಿ, ಇಸ್ತ್ರಿ ಮಾಡಿ ಇಡುವವರು. ಹಾಸಿದರೆ ಗರಿಗರಿ, ನಿಜಕ್ಕೂ ಚೆಂದ. ಆದರೆ ಬೂಷ್ಟಿಗೂ ಬೆಳ್ಳಿಹುಳಕ್ಕೂ ಗಂಜಿ ಅಂದರೆ ಊಟ. ಅಂಚಿನಲ್ಲಿ ಕೆರೆದ ಹಾಗೆ ತೆಳ್ಳಗಾದ ಜಾಗ, ಅಲ್ಲಲ್ಲಿ ಸಣ್ಣ ತೂತು ಇದ್ದದ್ದು ಗಂಜಿ ಹಾಕಿದ ಬಟ್ಟೆಗಳಲ್ಲೇ. ಕೊನೆಗೆ ಒಪ್ಪಂದ ಹೀಗಾಯಿತು: ಗಂಜಿ ಬಿಡುವುದಿಲ್ಲ, ಆದರೆ ಹಾಸುವ ಹಿಂದಿನ ದಿನ ಹಾಕುವುದು. ಇಡುವಾಗ ಗಂಜಿ ಪೂರ್ತಿ ತೊಳೆದೇ ಇಡುವುದು.

ಎಲ್ಲಕ್ಕಿಂತ ನನಗೆ ಚಿಂತೆ ಇದ್ದದ್ದು ನುಸಿಗುಳಿಗೆಯದ್ದು. ಪ್ರತಿ ಹಲಗೆಯಲ್ಲೂ ನಾಲ್ಕೈದು ಬಿಳಿ ಗುಳಿಗೆ. ಹೆಚ್ಚಿನವು ನಾಫ್ತಲೀನ್‌ನಿಂದ ಮಾಡಿದಂಥವು. ಅದು ಕರಗದೆ ನೇರ ಆವಿಯಾಗಿ ಬಟ್ಟೆಯಲ್ಲಿ ಕೂರುತ್ತದೆ. ಹುಟ್ಟುವಾಗಲೇ ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವ ಮಕ್ಕಳು ಇರುತ್ತಾರೆ. ಅಂಥ ಹಸುಳೆಗೆ ಈ ಗುಳಿಗೆಯ ಜೊತೆ ಇಟ್ಟ ಬಟ್ಟೆ ಹೊದೆಸಿದರೆ, ಆ ಆವಿಯಿಂದಲೇ ರಕ್ತದ ಕೆಂಪುಕಣ ಒಡೆದು ಕಾಮಾಲೆ ಜೋರಾಗುವ ಅಪಾಯ ಉಂಟು. ಯಾವ ಮಗುವಿಗೆ ಆ ಕೊರತೆ ಇದೆ ಅಂತ ಮುಖ ನೋಡಿ ಹೇಳಲಾಗುವುದಿಲ್ಲ. ಇದನ್ನು ಅತ್ತೆಗೆ ಹೇಳಿದೆ. ನಲುವತ್ತು ವರ್ಷದ ಅಭ್ಯಾಸ, ವಾದ ಆಗಬಹುದು ಅಂತ ಅಂಜಿದ್ದೆ. "ಹಾಗಾದರೆ ಒಂದೂ ಬೇಡ," ಅಂದರು. ಅವರೇ ಚೊಂಬಿಗೆ ಹೆಕ್ಕಿ ಹಾಕಿ ಹೊರಗೆ ತೆಗೆದುಕೊಂಡು ಹೋದರು. ಮಗುವಿಗೆ ಬೇಕಾಗುವ ಬಟ್ಟೆಯನ್ನೆಲ್ಲ ಎರಡೆರಡು ಸಲ ತೊಳೆದು, ವಾಸನೆ ಪೂರ್ತಿ ಹೋಗುವವರೆಗೆ ಗಾಳಿಗೆ ಹಾಕಿದೆವು.

ಬದಲಿಗೆ ಬಜೆಯ ತುಂಡು ಮತ್ತು ಲಾವಂಚದ ಬೇರನ್ನು ಸಣ್ಣ ಬಟ್ಟೆ ಚೀಲದಲ್ಲಿ ಕಟ್ಟಿ ಇಟ್ಟಿದ್ದೇವೆ. ಪರಿಮಳ ಇದೆ, ಹುಳ ಹತ್ತಿರ ಬರುವುದು ಸ್ವಲ್ಪ ಕಮ್ಮಿಯಾಗಬಹುದು, ಅದಕ್ಕಿಂತ ಜಾಸ್ತಿ ನಂಬಬಾರದು. ಕೆಲವರು ಬೇವಿನ ಎಲೆ ಇಡಿ ಅನ್ನುತ್ತಾರೆ. ನಮ್ಮ ಕಡೆ ಬೇವಿನ ಸೊಪ್ಪು ಅಂದರೆ ಒಗ್ಗರಣೆಗೆ ಹಾಕುವ ಕರಿಬೇವು. ಅವರು ಹೇಳುವುದು ಕಹಿಬೇವು. ಅದನ್ನು ಇಡುವುದಾದರೂ ಚೆನ್ನಾಗಿ ಒಣಗಿಸಿಯೇ ಇಡಬೇಕು, ಹಸಿ ಎಲೆ ಇಟ್ಟರೆ ಅದರಿಂದಲೇ ಬೂಷ್ಟು ಶುರುವಾಗುತ್ತದೆ.

ಜಾಗ ಬದಲಾಯಿಸಿದ್ದು

ಮೊದಲ ತೀರ್ಮಾನ: ಗೋಡೆ ಕಪಾಟಿನಲ್ಲಿ ಇನ್ನು ಬಟ್ಟೆ ಇಡುವುದಿಲ್ಲ. ಅಲ್ಲಿ ಈಗ ಸ್ಟೀಲ್ ಪಾತ್ರೆ, ಅನ್ನದ ಚರಿಗೆ, ದೊಡ್ಡ ಸೌಟು ಇವೆ. ಗೋಡೆ ರಿಪೇರಿ ಆಮೇಲಿನ ಮಾತು. ಮಗು ಬರಲು ಆರೇ ವಾರ ಇತ್ತು.

ಬಟ್ಟೆಗೆ ಜಾಗ ಹುಡುಕಲು ಮೀಟರು ಹಿಡಿದು ಮನೆಯಿಡೀ ತಿರುಗಿದೆ. ಬಚ್ಚಲು ಮನೆಯ ಗೋಡೆಯ ಈಚೆ ಬದಿಗೆ ಒಂದು ಸಣ್ಣ ಓಣಿ ಕೋಣೆ ಇದೆ, ಮೂಡುಬದಿಗೆ. ಬಚ್ಚಲಿನ ಹಂಡೆಯ ಒಲೆಗೆ ನಾವು ಈಗಲೂ ಬೆಳಿಗ್ಗೆ ಸಂಜೆ ಬೆಂಕಿ ಹಾಕುತ್ತೇವೆ. ಸೌದೆ, ಅಡಿಕೆ ಹಾಳೆ, ತೆಂಗಿನ ಸಿಪ್ಪೆ ತೋಟದಲ್ಲೇ ಸಿಗುತ್ತದಲ್ಲ. ಆ ಗೋಡೆ ಯಾವಾಗಲೂ ಬೆಚ್ಚಗೆ. ಹೊರಗೆ 27 ಡಿಗ್ರಿ, ಶೇ. 88 ಇದ್ದ ದಿನ ಅಲ್ಲಿ 30 ಡಿಗ್ರಿ, ಶೇ. 74. ಅದೇ ಗಾಳಿ, ಅದೇ ನೀರು. ಮೂರು ಡಿಗ್ರಿ ಬಿಸಿಯಾದದ್ದಕ್ಕೆ ತೇವದ ಲೆಕ್ಕ ಅಷ್ಟು ಇಳಿಯಿತು. ಅಟ್ಟದ ಪೆಟ್ಟಿಗೆಯ ಗುಟ್ಟೂ ಇದೇ ಆಗಿತ್ತು.

ಮಾವನ ತಮ್ಮ, ನಮ್ಮವರ ಅಪ್ಪಚ್ಚಿ, ಕಪಾಟಿನ ಒಳಗೆ 40 ವಾಟಿನ ಬಲ್ಬು ಹಾಕಿಡಲು ಹೇಳಿದರು. ಅವರ ಮನೆಯಲ್ಲಿ ಹಾಗೆ ಮಾಡುತ್ತಾರೆ. ಲೆಕ್ಕ ಸರಿಯೇ, ಬಿಸಿಯಾದರೆ ತೇವ ಇಳಿಯುತ್ತದೆ. ಆದರೆ ಹಳೆ ನಮೂನೆಯ ಬಲ್ಬಿನ ಗಾಜು ಮುಟ್ಟಿದರೆ ಕೈ ಸುಡುತ್ತದೆ, ಪಕ್ಕದಲ್ಲೇ ಹತ್ತಿ ಬಟ್ಟೆ. ಒಂದು ಬೆಡ್‌ಶೀಟು ಜಾರಿ ಬಲ್ಬಿನ ಮೇಲೆ ಬಿದ್ದರೆ? ಎಲ್‌ಇಡಿ ಹಾಕಿದರೆ ಬೇಕಾದಷ್ಟು ಬಿಸಿ ಬರುವುದಿಲ್ಲ. "ಅಪ್ಪಚ್ಚಿ, ಮನೆಯಲ್ಲಿ ಹಸುಳೆ ಇರುವಾಗ ಬೇಡ," ಅಂದೆ. ಅವರು ಒಪ್ಪಿದರು. ತಮ್ಮ ಮನೆಯದ್ದನ್ನೂ ತೆಗೆಸುತ್ತೇನೆ ಅಂದರು.

ಆಚಾರಿ ಎರಡು ದಿನ ಕೆಲಸ ಮಾಡಿದರು. ಗೋಡೆಯಿಂದ ನಾಲ್ಕು ಇಂಚು ಬಿಟ್ಟು ಒಂದು ನಿಲ್ಲುವ ಕಪಾಟು. ಹಲಗೆಯ ಬದಲು ಅಡಿಕೆ ಮರದ ಸಲಾಕೆ, ನಡುನಡುವೆ ಒಂದು ಬೆರಳಿನ ಸಂದು. ಅಡಿಕೆ ಸಲಾಕೆಯಲ್ಲಿ ಸಿಬಿರು ಏಳುತ್ತದೆ, ಬಟ್ಟೆಗೆ ಸಿಕ್ಕಿದರೆ ನೂಲು ಕಿತ್ತು ಬರುತ್ತದೆ. ಅದಕ್ಕೆ ಎರಡು ಸಲ ಕೀಸುಳಿ ಹೊಡೆದು, ಉಪ್ಪುಕಾಗದದಲ್ಲಿ ತಿಕ್ಕಿ, ಮೇಲೆ ತೊಳೆದ ಹಳೆ ಸೊಳ್ಳೆಪರದೆ ಹಾಸಿದೆವು. ಹರಿದ ಪರದೆಗೆ ಇಷ್ಟು ಒಳ್ಳೆಯ ಉಪಯೋಗ ಬೇರೆ ಇಲ್ಲ, ಗಾಳಿಯೂ ಆಡುತ್ತದೆ. ಬಾಗಿಲಿನ ಮೇಲೆ ಕೆಳಗೆ ಜಾಲರಿ. ಎಲ್ಲ ಸೇರಿ 4,600 ರೂಪಾಯಿ ಆಯಿತು, ಸಲಾಕೆ ತೋಟದ್ದೇ.

ಕೆಳಗಿನ ಅಂತಸ್ತಿನಲ್ಲಿ ಮಣ್ಣಿನ ಮಡಕೆಯಲ್ಲಿ ನೀರು ಹಾಕದ ಸುಟ್ಟ ಚಿಪ್ಪಿನ ಸುಣ್ಣ ಇಟ್ಟು, ಬಾಯಿಗೆ ಬಟ್ಟೆ ಕಟ್ಟಿದೆ. ಒಂದು ಕಿಲೋ ಸುಣ್ಣ ಹೆಚ್ಚೆಂದರೆ 320 ಗ್ರಾಂ ನೀರು ಹೀರಿ ಹಿಟ್ಟಾಗುತ್ತದೆ. ಮಡಕೆಯನ್ನು ಅರ್ಧ ಮಾತ್ರ ತುಂಬಬೇಕು, ಅರಳಿ ಉಬ್ಬುತ್ತದೆ. ನೀರು ಬಿದ್ದರೆ ಕುದಿಯುವಷ್ಟು ಬಿಸಿಯಾಗುತ್ತದೆ, ಕಣ್ಣಿಗೆ ಹಾರಿದರೆ ಬಹಳ ಅಪಾಯ. ಹಾಗಾಗಿ ಮಗು ಅಂಬೆಗಾಲಿಡುವ ಹೊತ್ತಿಗೆ ಅದನ್ನು ತೆಗೆದುಬಿಟ್ಟೆವು. ಸೋರುವ ಗೋಡೆಯ ಎದುರು ಸುಣ್ಣ ಏನೂ ಅಲ್ಲ, ಆದರೆ ಬೆಚ್ಚಗಿನ ಗೋಡೆಯ ಜೊತೆ ಅದು ಒಂದು ಕೈ ಕೊಡುತ್ತದೆ. ಜುಲೈಯಲ್ಲಿ ಮೀಟರು 70ರಿಂದ 72ರ ನಡುವೆ ನಿಂತಿತು. 65ಕ್ಕೆ ಒಂದು ದಿನವೂ ಇಳಿಯಲಿಲ್ಲ. ಅದಕ್ಕೇ ಒಂದು ನಿಯಮ ಮಾಡಿದೆವು: ಮಳೆಗಾಲದಲ್ಲಿ ಈ ಕಪಾಟಿನ ಯಾವ ಬಟ್ಟೆಯೂ ಎರಡು ವಾರಕ್ಕಿಂತ ಜಾಸ್ತಿ ಮಲಗಿರಬಾರದು. ತೊಳೆದದ್ದು ಅಟ್ಟಿಯ ಕೆಳಗೆ ಹೋಗುತ್ತದೆ, ಹಾಸುವುದನ್ನು ಮೇಲಿನಿಂದ ತೆಗೆಯುವುದು.

ಎಷ್ಟು ಬೇಕು?

ಒಂದು ಮಂಚಕ್ಕೆ ಮೂರು ಜೊತೆ ಸಾಕು ಅನ್ನುತ್ತಾರೆ. ಒಂದು ಹಾಸಿದ್ದು, ಒಂದು ಒಗೆತಕ್ಕೆ, ಒಂದು ಕಪಾಟಿನಲ್ಲಿ. ಬಿಸಿಲಿನ ಊರಿಗೆ ಸರಿ. ಜೋರು ಮಳೆಯ ಆಟಿ ತಿಂಗಳಲ್ಲಿ ನಮ್ಮ ಬೆಡ್‌ಶೀಟು ಬಚ್ಚಲಿನ ಹಗ್ಗದಲ್ಲಿ ಒಣಗಲು ಮೂರು ದಿನ ಬೇಕು. ಹಾಗಾಗಿ ನಾಲ್ಕು ಜೊತೆ ಅಂತ ಇಟ್ಟೆವು. ಐದು ಮಂಚ, ಇಪ್ಪತ್ತು ಜೊತೆ. ನೆಂಟರಿಗೆ ಹನ್ನೆರಡು. ಬೈರಾಸು ತಲೆಗೆ ಮೂರು, ಮತ್ತೆ ನೆಂಟರಿಗೆ ಹನ್ನೆರಡು.

ನೆಂಟರ ಹನ್ನೆರಡು ಜೊತೆಯ ಬಗ್ಗೆ ಅತ್ತೆಗೆ ಧೈರ್ಯ ಬರಬೇಕಿತ್ತು. ಅವು ಒಂದೇ ಕಡೆ, ಕಣ್ಣಿಗೆ ಕಾಣುವ ಹಾಗೆ ಇರಬೇಕು ಅಂದರು. ಕರಿಮೆಣಸು ಇಡುವ ನೀಲಿ ಬ್ಯಾರೆಲ್ ಒಂದು ಖಾಲಿ ಇತ್ತು, ಮುಚ್ಚಳಕ್ಕೆ ರಬ್ಬರು, ಸುತ್ತ ಕಬ್ಬಿಣದ ಪಟ್ಟಿ. ಮೆಣಸು ಮಳೆಗಾಲ ಇಡೀ ಗರಿಗರಿ ಇರುವ ಜಾಗದಲ್ಲಿ ಬಟ್ಟೆ ಯಾಕೆ ಇರಬಾರದು? ಮೂರು ಸಲ ತೊಳೆದು ಮೆಣಸಿನ ಘಾಟು ತೆಗೆದೆವು. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡಿನ ಚಪ್ಪರ ಜುಲೈಯಲ್ಲಿ ಖಾಲಿ ಬಿದ್ದಿರುತ್ತದೆ. ಎರಡು ದಿನ ಮಳೆ ಬಿಟ್ಟಾಗ ಬಟ್ಟೆಯನ್ನೆಲ್ಲ ಅಲ್ಲಿ ಹರಡಿ, ಇಸ್ತ್ರಿ ಹಾಕಿ, ಬಿಸಿ ಆರಿದ ಮೇಲೆ ತುಂಬಿ ಮುಚ್ಚಿದೆವು. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರುತ್ತದೆ.

ಮಿಕ್ಕದ್ದರಲ್ಲಿ ಹತ್ತು ಬೆಡ್‌ಶೀಟು ಮಗುವಿನ ಪಾಲಿಗೆ ಹೋಯಿತು. ನೂರು ಸಲ ತೊಳೆದು ಬೆಣ್ಣೆಯ ಹಾಗಾದ ಹತ್ತಿ ಬಟ್ಟೆಗೆ ಸಮ ಅಂಗಡಿಯಲ್ಲಿ ಸಿಗುವುದಿಲ್ಲ. ಬಾಳೆಕಾಯಿ ಕಲೆ, ಗೇರುಹಣ್ಣಿನ ಕಲೆ ಆದವು ತೋಟದ ಕೆಲಸಕ್ಕೆ. ಆ ಕಲೆ ಹೋಗುವಂಥದ್ದಲ್ಲ, ಪ್ರಯತ್ನ ಪಡಬೇಡಿ. ಪ್ಲಾಸ್ಟಿಕ್ಕಿನಲ್ಲಿ ಇದ್ದ ಹದಿನೇಳನ್ನು ಹೊರಗೆ ತೆಗೆದು ಬಳಕೆಗೆ ಹಾಕಿದೆವು. ತೀರಿಕೊಂಡವರು ಕೊಟ್ಟದ್ದನ್ನು ಅತ್ತೆ ತಮ್ಮ ಮಂಚಕ್ಕೇ ಹಾಸಿಕೊಂಡರು.

ಹಳೆ ಸೀರೆಗಳ ನಡುವೆ ಒಂದು ಕಾಸರಗೋಡು ಸೀರೆ ಇತ್ತು, ಇಲ್ಲಿಯ ಕೈಮಗ್ಗದ್ದು, ಭೌಗೋಳಿಕ ಗುರುತು ಸಿಕ್ಕಿದ ನೇಯ್ಗೆ. ಅತ್ತೆಯ ಅತ್ತೆಯದ್ದಂತೆ. ಅದು ಯಾವ ಲೆಕ್ಕಕ್ಕೂ ಸೇರಲಿಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿ ನಡುಮನೆಯ ಕಪಾಟಿಗೆ ಹೋಯಿತು. ಆರು ತಿಂಗಳಿಗೊಮ್ಮೆ ಮಡಿಕೆ ಬದಲಾಯಿಸುತ್ತೇವೆ, ಇಲ್ಲದಿದ್ದರೆ ಮಡಿಕೆಯ ಗೆರೆಯಲ್ಲೇ ನೂಲು ತುಂಡಾಗುತ್ತದೆ. ಮಡಿಯ ಬಟ್ಟೆಗೆ ಮೊದಲಿನ ಹಾಗೇ ಬೇರೆ ಬಿದಿರಿನ ಗಳ, ಅದನ್ನು ಯಾರೂ ಮುಟ್ಟಲಿಲ್ಲ.

ಚೀಟಿಯ ಬದಲು ನೂಲು

ಏಪ್ರಿಲ್‌ನಲ್ಲಿ ನಾನು ಅಂಟಿಸಿದ ಚೀಟಿ ಕನ್ನಡದಲ್ಲಿ ಇತ್ತು. ಕೆಲಸಕ್ಕೆ ಬರುವ ಅಕ್ಕ ಓದುವುದು ಮಲಯಾಳ. ನಾವು ಬೈರಾಸು ಅಂದರೆ ಅವರು ತೋರ್ತು ಅನ್ನುತ್ತಾರೆ, ನಾದಿನಿ ಟವಲ್ ಅನ್ನುತ್ತಾಳೆ. ಅತ್ತೆಗೆ ಕನ್ನಡಕ ಇಲ್ಲದೆ ಯಾವ ಅಕ್ಷರವೂ ಕಾಣುವುದಿಲ್ಲ. ಮೇಲಾಗಿ ಪಸೆಗೆ ಚೀಟಿಗಳೆಲ್ಲ ಉದುರಿದ್ದವು.

ಉಪಾಯ ಹೇಳಿದ್ದು ಅತ್ತೆಯೇ. ಪ್ರತಿ ಬೆಡ್‌ಶೀಟಿನ ಒಂದು ಮೂಲೆಯಲ್ಲಿ ಕೆಂಪು ನೂಲಿನಲ್ಲಿ ಗಂಟು ಕಸೂತಿ. ಸಣ್ಣ ಮಂಚದ್ದಕ್ಕೆ ಒಂದು ಗಂಟು, ದೊಡ್ಡದಕ್ಕೆ ಎರಡು. ಅದರ ದಿಂಬಿನ ಕವರಿಗೂ ಹಾಗೇ. ನೆಂಟರದ್ದಕ್ಕೆ ನೀಲಿ ನೂಲು. ಮಗುವಿನದ್ದಕ್ಕೆ ಗಂಟು ಬೇಡ, ಮೈಗೆ ಒತ್ತುತ್ತದೆ ಅಂತ ಅಂಚಿಗೆ ಹಸಿರು ಓಟದ ಹೊಲಿಗೆ. ಅವರು ಮಳೆ ನೋಡುತ್ತ ಜಗಲಿಯಲ್ಲಿ ಕೂತು ಹದಿನೈದು ದಿನ ಹೊಲಿದರು. ಗಂಟು ಎಳ್ಳಿನ ಕಾಳಿಗಿಂತ ಸ್ವಲ್ಪ ದೊಡ್ಡದು, ಬೆರಳಿಗೆ ಚೆನ್ನಾಗಿ ತಾಗುತ್ತದೆ. ಮಡಚುವಾಗ ಆ ಮೂಲೆ ಹೊರಗೆ ಬರಬೇಕು, ಅಷ್ಟೇ ನಿಯಮ. ಒಂದು ಮಂಚದ ಬೆಡ್‌ಶೀಟು, ಕವರು, ಹೊದಿಕೆ ಮೂರನ್ನೂ ಒಟ್ಟಿಗೆ ಹಳೆ ಸೀರೆಯ ಅಂಚಿನಿಂದ ಕಟ್ಟಿ ಇಡುತ್ತೇವೆ. ಜೊತೆ ಹುಡುಕುವ ಕೆಲಸವೇ ಇಲ್ಲ.

ಆಗಸ್ಟ್‌ನಲ್ಲಿ ಮಗು ಮನೆಗೆ ಬಂದ ಮೂರನೆಯ ರಾತ್ರಿ ಕರೆಂಟು ಹೋಯಿತು. ಬಾಣಂತಿಯ ಹಾಸಿಗೆ ಬದಲಾಯಿಸಬೇಕಿತ್ತು. ನಾನು ಟಾರ್ಚು ಹುಡುಕುತ್ತಿದ್ದೆ. ಅಷ್ಟರಲ್ಲಿ ಅತ್ತೆ ಕತ್ತಲಲ್ಲೇ ಕಪಾಟಿಗೆ ಕೈ ಹಾಕಿ, ಮೂಲೆ ಸವರಿ, ಎರಡು ಗಂಟಿನದ್ದನ್ನು ತಂದು ಆಗಿತ್ತು.

ಆಮೇಲೆ

ಎಲ್ಲವೂ ಸರಿಯಾಗಲಿಲ್ಲ. ಹಳೆ ಕರಿ ಚುಕ್ಕೆ ಪೂರ್ತಿ ಹೋಗಲಿಲ್ಲ. ಮೊದಲು ಅಂಗಳದಲ್ಲಿ ಬ್ರಷ್ಷಿನಿಂದ ಉಜ್ಜಿ ಹುಡಿ ಉದುರಿಸಿ, ಬಿಸಿನೀರಲ್ಲಿ ತೊಳೆದು, ಬಿಳಿ ಹತ್ತಿಗೆ ಮಾತ್ರ ಬ್ಲೀಚು ಹಾಕಿದೆವು. ಮಸುಕಾಯಿತು, ಅಳಿಯಲಿಲ್ಲ. ತುಕ್ಕಿನ ಕಲೆ ಇದ್ದ ಒಂದು ಬಟ್ಟೆಗೆ ನಾನು ತಿಳಿಯದೆ ಬ್ಲೀಚು ಹಾಕಿದೆ, ಕಲೆ ಇನ್ನೂ ಕಡುವಾಯಿತು. ತುಕ್ಕಿಗೆ ಲಿಂಬೆರಸ, ಉಪ್ಪು, ಬಿಸಿಲು. ಆದರೆ ಲಿಂಬೆಯಾಗಲಿ ವಿನೆಗರ್ ಆಗಲಿ ಬ್ಲೀಚಿನ ಜೊತೆ ಸೇರಲೇಬಾರದು, ಉಸಿರು ಕಟ್ಟಿಸುವ ಕ್ಲೋರಿನ್ ಅನಿಲ ಬರುತ್ತದೆ.

ಸೆಪ್ಟೆಂಬರ್‌ನಲ್ಲಿ ಹೊಸ ಕಪಾಟನ್ನು ಪೂರ್ತಿ ಇಳಿಸಿ ನೋಡಿದಾಗ ಎರಡು ಬೈರಾಸಿಗೆ ಚುಕ್ಕೆ ಬಂದಿತ್ತು. ಎರಡೂ ಮಗು ಹುಟ್ಟಿದ ವಾರದ ಗಡಿಬಿಡಿಯಲ್ಲಿ ಅರೆ ಒಣಗಿದ್ದಾಗ ಒಳಗೆ ಹೋದವು. ಈಗ ಮಡಚುವ ಮೊದಲು ಬಟ್ಟೆಯನ್ನು ಕೆನ್ನೆಗೆ ತಾಗಿಸಿ ನೋಡುತ್ತೇವೆ. ಕೈಗೆ ಗೊತ್ತಾಗದ ತಂಪು ಕೆನ್ನೆಗೆ ಗೊತ್ತಾಗುತ್ತದೆ. ಡಿಸೆಂಬರ್‌ನಲ್ಲಿ ಪೂಜೆಗೆ ಬ್ಯಾರೆಲ್ ತೆಗೆದಾಗ ಹನ್ನೆರಡು ಜೊತೆಯೂ ಇಟ್ಟ ಹಾಗೇ ಇದ್ದವು. ಅತ್ತೆ ಹಿಂದಿನ ದಿನ ಗಂಜಿ ಹಾಕಿದರು.

ಪಡುವಣ ಗೋಡೆ ಮಾತ್ರ ಇನ್ನೂ ಹಾಗೇ ಇದೆ. ಪಾತ್ರೆಯ ಹಿಂದೆ ಮೀಟರು ಇಟ್ಟರೆ ಮಳೆಗಾಲದಲ್ಲಿ 90 ದಾಟುತ್ತಿತ್ತು. ಗಾರೆಯನ್ನು ಪೂರ್ತಿ ಕೆತ್ತಿಸಿ ಹೊಸದಾಗಿ ಮಾಡಿಸಲು ಈ ವರ್ಷ ಕೈಯಲ್ಲಿ ಅಷ್ಟು ದುಡ್ಡಿಲ್ಲ. ಆದರೆ ಮಾವ ಹೋದ ವಾರವೇ ತೆಂಗಿನ ಮಡಲು ಸೀಳಿಸಿ ಕೆರೆಯಲ್ಲಿ ನೆನೆ ಹಾಕಿಸಿದ್ದಾರೆ. ಹೆಣೆಯುವವರು ಸೋಮವಾರ ಬರುತ್ತಾರೆ.